ಓಸ್ಟರ್‌ಬೇಕಿನ ಸಮಾಧಿವನ

ಹಾಲೆಂಡ್ ದೇಶದ ಆರ್ನೆಮ್ ನಗರದ ಪಕ್ಕದ ಓಸ್ಟರ್‌ಬೇಕಿನಲ್ಲಿ, ಮರಗಳ ನಡುವೆ, ಬಿಳಿಯ ಕಲ್ಲುಗಳ ಸಾಲುಗಳನ್ನು ಕಂಡೆನು. 1944ನೆಯ ಸೆಪ್ಟೆಂಬರ್ 17ರಂದು ಬ್ರಿಟಿಷರ ಒಂದನೆಯ ವಾಯುವಾಹಿತ ಡಿವಿಜನ್ನು ಪ್ಯಾರಾಶೂಟು, ಗ್ಲೈಡರುಗಳಲ್ಲಿ ಈ ಸೀಮೆಗೆ ಇಳಿಯಿತು. ರೈನ್ ನದಿಯ ಸೇತುವೆಯನ್ನು ಹಿಡಿದು, ನೆಲದ ಸೈನ್ಯವು ಬರುವವರೆಗೆ ಕಾಯುವುದು ಅದರ ಕರ್ತವ್ಯ. ಇಳಿದ ಬಯಲೋ ಸೇತುವೆಗೆ ಬಹು ದೂರ; ಕರ್ನಲ್ ಫ್ರಾಸ್ಟರೊಡನೆ ಅಲ್ಲಿಗೆ ಮುಟ್ಟಿದವರು ಏಳುನೂರಕ್ಕೆ ತುಸು ಹೆಚ್ಚು. ನೆಲದ ಸೈನ್ಯವು ಸಕಾಲಕ್ಕೆ ಬರಲಿಲ್ಲ. ಸುಮಾರು 10,000 ಮಂದಿಯಲ್ಲಿ ಒಂಬತ್ತನೆಯ ರಾತ್ರಿ ಹೊಳೆ ದಾಟಿ ಹಿಂದಿರುಗಿದವರು 2,400ರಷ್ಟು ಮಾತ್ರ. ಜರ್ಮನರು ಆರ್ನೆಮಿನ ನಿವಾಸಿಗಳನ್ನೂ ಊರು ಬಿಡಿಸಿದರು.

ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿಯ ಶಾಲೆಯ ಮಕ್ಕಳು ಒಂದೊಂದು ಸಮಾಧಿಗೂ ಹೂವಿರಿಸುವರು. ಗೆದ್ದವರ ಇಸವಿಗಳನ್ನೇ ಬಾಯಿಪಾಠ ಮಾಡಿಸಿದ ಈ ಉಪಾಧ್ಯಾಯನಿಗೆ ಆ ಮಕ್ಕಳ ಮುಂದೆ ಮಾತು ಹೊರಡಲಿಲ್ಲ.