ದೋರು ಕಣಿವೆಯ ಹಳೆಯ ಪೀಪಾಯಿಗಳು

ಪೋರ್ಚುಗಲ್ ದೇಶದ ಉತ್ತರ ಭಾಗದಲ್ಲಿ, ದೋರು ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವುದಕ್ಕೆ ತುಸು ಮೊದಲು, ಎರಡು ಊರುಗಳು ಒಂದನ್ನೊಂದು ದಿಟ್ಟಿಸುತ್ತ ನಿಂತಿವೆ. ಬಲದಂಡೆಯದು ಪೋರ್ಟೊ, ಎಡದಂಡೆಯದು ವಿಲಾ ನೋವಾ ದ ಗಾಯಾ. ಇವೆರಡನ್ನೂ ಕೂಡಿಸುವ ಎರಡಂತಸ್ತಿನ ಕಬ್ಬಿಣದ ಸೇತುವೆ 1886ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಮೇಲಂತಸ್ತಿನಲ್ಲಿ ನಿಂತು ಗಾಯಾದ ಕಡೆ ನೋಡಿದರೆ ಇಳಿಜಾರಿನುದ್ದಕ್ಕೂ ನೀಳವಾದ ಕೆಂಪು ಹೆಂಚಿನ ಮಾಡುಗಳು ಕಾಣುತ್ತವೆ. ಅವುಗಳ ಮೇಲೆ ಆಳೆತ್ತರದ ಬಿಳಿಯ ಅಕ್ಷರಗಳಲ್ಲಿ ಟೇಲರ್, ಗ್ರಹಾಂ, ಸ್ಯಾಂಡೆಮನ್, ಫೆರೇರಾ ಮುಂತಾದ ಹೆಸರುಗಳು. ಆ ಮಾಡುಗಳ ಅಡಿಯಲ್ಲಿ ಮನುಷ್ಯರ ವಾಸವಿಲ್ಲ. ಅಲ್ಲಿ ಕತ್ತಲೆಯಲ್ಲಿ, ತಂಪಿನಲ್ಲಿ, ಓಕ್ ಮರದ ಪೀಪಾಯಿಗಳೊಳಗೆ ಪೋರ್ಟ್ ಎಂಬ ದ್ರಾಕ್ಷಾಮದ್ಯವು ಮುಪ್ಪಾಗುತ್ತಿರುತ್ತದೆ.

ಪೀಪಾಯಿ ಎಂಬ ಮಾತು ಇಲ್ಲಿಂದಲೇ ಕನ್ನಡಕ್ಕೆ ಬಂದದ್ದು. ಪೋರ್ಚುಗೀಸರ 'ಪೀಪಾ' ಹಡಗೇರಿ ಪಶ್ಚಿಮ ಕರಾವಳಿಗೆ ಬಂದು, 'ಚಾವಿ', 'ಪಗಾರ' ಮುಂತಾದ ಮಾತುಗಳ ಜೊತೆಯಲ್ಲಿ ನಮ್ಮ ಮನೆಮಾತಿನಲ್ಲಿ ನೆಲೆನಿಂತಿತು. ದೋರು ಕಣಿವೆಯಲ್ಲಿ ಪೀಪಾ ಎಂದರೆ ಮರದ ಪಾತ್ರೆಯೂ ಹೌದು, ಅಳತೆಯೂ ಹೌದು: ಒಂದು ಪೀಪಾ ಎಂದರೆ 550 ಲೀಟರು. ಗೋವೆಯ ಅಂಗಡಿಗಳಲ್ಲಿ 'ಪೋರ್ಟ್' ಎಂಬ ಚೀಟಿ ಅಂಟಿಸಿಕೊಂಡು ಅಗ್ಗದ ದರಕ್ಕೆ ದೊರೆಯುವ ಸಿಹಿ ವೈನಿಗೂ ಈ ಕಣಿವೆಯ ಸರಕಿಗೂ ಇರುವುದು ಹೆಸರಿನ ನಂಟು ಮಾತ್ರ. ಮದ್ಯದ ಸುದ್ದಿಯನ್ನೇ ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಮನೆಗಳು ಗಡಿನಾಡಿನಲ್ಲಿ ಬಹಳ. ಅದಕ್ಕೆ ತಕ್ಕ ಕಾರಣಗಳೂ ಇವೆ. ಆದರೆ ಒಂದು ಬೆಟ್ಟ, ಒಂದು ನದಿ, ಮೂರು ನಾಲ್ಕು ತಲೆಮಾರಿನ ದುಡಿಮೆ ಇವು ಕೂಡಿ ಒಂದು ಲೋಟದೊಳಗೆ ಹೇಗೆ ಸೇರುತ್ತವೆಂಬುದನ್ನು ಕುಡಿಯದವರೂ ಕುತೂಹಲದಿಂದ ಕೇಳಬಹುದು.

ಪೋರ್ಟೊ ನಗರದ ಸಾವ್ ಬೆಂತೊ ನಿಲ್ದಾಣದಿಂದ ಹೊರಡುವ ರೈಲು ಒಂದೆರಡು ತಾಸಿನಲ್ಲಿ ನದಿಯನ್ನು ಕೂಡಿಕೊಂಡು ಅದರ ಅಂಚಿನಲ್ಲಿಯೇ ಸಾಗುತ್ತದೆ. ಈ ಮಾರ್ಗ 1887ರಲ್ಲಿ ಪೂರ್ಣಗೊಳ್ಳುವ ಮೊದಲು ಕಣಿವೆಯ ಪೀಪಾಯಿಗಳು 'ರಬೇಲು' ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಸುಳಿ ಬಂಡೆಗಳ ನಡುವೆ ಜೀವ ಕೈಯಲ್ಲಿ ಹಿಡಿದವರ ಆಶ್ರಯದಲ್ಲಿ ಕೆಳಗಿಳಿಯುತ್ತಿದ್ದವು. ನದಿಯ ನಕ್ಷೆಯನ್ನು ರಚಿಸಿದ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬ ವರ್ತಕನೇ 1861ರಲ್ಲಿ ವಲೇರಾ ಎಂಬ ಕಡಿದಾದ ಸುಳಿಯಲ್ಲಿ ದೋಣಿ ಮಗುಚಿ ಮುಳುಗಿದ. ಅದೇ ದೋಣಿಯಲ್ಲಿದ್ದ ದೋನಾ ಅಂತೋನಿಯಾ ಫೆರೇರಾ ಬದುಕಿ ಉಳಿದರು. ಅವರ ಅಗಲವಾದ ಲಂಗವೇ ಅವರನ್ನು ತೇಲಿಸಿತೆಂದು ಅಲ್ಲಿಯ ಜನ ಈಗಲೂ ಹೇಳುತ್ತಾರೆ. ಈಗ ಅಣೆಕಟ್ಟುಗಳು ನದಿಯನ್ನು ಸೌಮ್ಯಗೊಳಿಸಿವೆ. ಗಾಯಾದ ದಂಡೆಯಲ್ಲಿ ಕಟ್ಟಿ ನಿಲ್ಲಿಸಿದ ರಬೇಲುಗಳು ಬರಿಯ ಅಲಂಕಾರಕ್ಕೆ.

ಪಿನ್ಯಾವ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು ತಲೆಯೆತ್ತಿದರೆ ಕಾಣುವುದು ಬೆಟ್ಟವಲ್ಲ, ಬೆಟ್ಟದ ಮೇಲೆ ಮನುಷ್ಯ ಕಟ್ಟಿದ ಗೋಡೆ. ಇಲ್ಲಿಯದು ಪದರುಪದರಾಗಿ ಸೀಳುವ ಕಪ್ಪು ಕಲ್ಲಿನ ನೆಲ. ಆ ಕಲ್ಲನ್ನು ಹಾರೆಯಿಂದ ಒಡೆದು, ಒಡೆದ ಚಕ್ಕೆಗಳಿಂದಲೇ ಗಾರೆಯಿಲ್ಲದ ಗೋಡೆಗಳನ್ನೆತ್ತಿ, ಪುಡಿಯನ್ನೇ ಮಣ್ಣೆಂದು ತುಂಬಿ ಮೆಟ್ಟಿಲುತೋಟಗಳನ್ನು ಮಾಡಿದ್ದಾರೆ. ಕೆಲವು ಮೆಟ್ಟಿಲುಗಳಲ್ಲಿ ಹಿಡಿಸುವುದು ಬಳ್ಳಿಯ ಒಂದೇ ಸಾಲು. ಪಡುವಣದ ಮರಾವ್ ಬೆಟ್ಟಸಾಲು ಸಾಗರದ ಮಳೆಮೋಡಗಳನ್ನು ತಡೆಯುವುದರಿಂದ ಬೇಸಿಗೆಯ ಧಗೆ ವಿಪರೀತ. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂಬುದು ಅಲ್ಲಿಯ ಗಾದೆ. ಬಳ್ಳಿಯ ಬೇರು ಕಲ್ಲಿನ ಪದರುಗಳ ನಡುವೆ ನುಸುಳಿ ಬಹಳ ಆಳದಲ್ಲಿ ನೀರನ್ನು ಹುಡುಕಬೇಕು. ಸಾಂಗಲಿ, ಸೊಲ್ಲಾಪುರ ಸೀಮೆಯ ಚಪ್ಪರದ ದ್ರಾಕ್ಷಿಯನ್ನು ಕಂಡವರಿಗೆ ಈ ಗಿಡ್ಡ ಬಳ್ಳಿಗಳ ಅಲ್ಪ ಫಸಲು ನಗು ತರಿಸೀತು.

ಸೆಪ್ಟೆಂಬರದಲ್ಲಿ ಕೊಯ್ದ ಹಣ್ಣನ್ನು ಕೆಲವು ತೋಟಗಳಲ್ಲಿ ಇಂದಿಗೂ ಕಲ್ಲಿನ ತೊಟ್ಟಿಗಳಲ್ಲಿ ಸುರಿದು ಕಾಲಿನಿಂದ ತುಳಿಯುತ್ತಾರೆ. ಮೊದಲ ಎರಡು ತಾಸು ಹೆಗಲಿಗೆ ಹೆಗಲು ಕೊಟ್ಟ ಸಾಲುಗಳಲ್ಲಿ, ಲೆಕ್ಕದ ಹೆಜ್ಜೆಯಲ್ಲಿ, ಮಾತಿಲ್ಲದೆ ತುಳಿತ. ಬಳಿಕ 'ಸ್ವಾತಂತ್ರ್ಯ' ಎಂದು ಕೂಗಿದೊಡನೆ ಸಂಗೀತ, ಕುಣಿತ. ರಸವು ಹುದುಗೆದ್ದು ಅರ್ಧದಷ್ಟು ಸಕ್ಕರೆ ಕರಗುತ್ತಿರುವಾಗ ಅದಕ್ಕೆ ದ್ರಾಕ್ಷಿಯಿಂದಲೇ ಭಟ್ಟಿಯಿಳಿಸಿದ ತೀಕ್ಷ್ಣ ಸಾರವನ್ನು ಬೆರೆಸುತ್ತಾರೆ. ಹುದುಗು ಸಾಯುತ್ತದೆ, ಉಳಿದ ಸಿಹಿ ಹಾಗೆಯೇ ನಿಲ್ಲುತ್ತದೆ. ನೂರಾರು ವರ್ಷ ಬಾಳುವ ಶಕ್ತಿ ಈ ಮದ್ಯಕ್ಕೆ ಬಂದದ್ದು ಹೀಗೆ.

ಹೆಸರು ಗಳಿಸಿದ ಮೇಲೆ ಕಲಬೆರಕೆ ಬರುವುದು ಲೋಕರೂಢಿ. ಇದನ್ನು ತಡೆಯಲೆಂದು 1756ರಲ್ಲಿ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲನು ಒಂದು ಕಂಪನಿಯನ್ನು ಸ್ಥಾಪಿಸಿ ಕಣಿವೆಗೆ ಎಲ್ಲೆ ಹಾಕಿದ. ಆ ಎಲ್ಲೆಯ ಕಲ್ಲುಕಂಬಗಳಲ್ಲಿ ಹಲವು ಈಗಲೂ ನಿಂತಿವೆ. ಜಗತ್ತಿನ ಅತ್ಯಂತ ಹಳೆಯ ಗಡಿಗುರುತಿನ ದ್ರಾಕ್ಷಿಸೀಮೆಗಳಲ್ಲಿ ಇದೊಂದು. ಕಂಪನಿಯ ಏಕಸ್ವಾಮ್ಯದ ವಿರುದ್ಧ ಮರುವರ್ಷವೇ ಪೋರ್ಟೊದಲ್ಲಿ ದಂಗೆಯೆದ್ದ ಬಡವರನ್ನು ಪೊಂಬಾಲನು ಗಲ್ಲಿಗೇರಿಸಿದನೆಂಬ ಸಂಗತಿಯನ್ನು ಗಾಯಾದ ಮಾರ್ಗದರ್ಶಕರು ಅಷ್ಟಾಗಿ ಹೇಳುವುದಿಲ್ಲ.

ಕಣಿವೆಯಲ್ಲಿ ನಡೆದಾಡುವಾಗ ಹಸಿರು ಸಾಲುಗಳ ನಡುವೆ ಅಲ್ಲಲ್ಲಿ ಕುಸಿದ ಗೋಡೆಗಳು, ಕುರುಚಲು, ಒಂದೆರಡು ಆಲಿವ್ ಮರಗಳಿರುವ ಪಾಳು ಮೆಟ್ಟಿಲುಗಳು ಕಣ್ಣಿಗೆ ಬೀಳುತ್ತವೆ. ಅವಕ್ಕೆ ಅಲ್ಲಿಯವರು 'ಮೊರ್ತೋರಿಯು' ಎನ್ನುತ್ತಾರೆ, ಸತ್ತ ನೆಲ ಎಂಬಂತೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿಯನ್ನೆಲ್ಲ ತಿಂದಿತು. ಬೆಳೆಗಾರರು ಊರು ಬಿಟ್ಟರು. ಎಷ್ಟೋ ಮೆಟ್ಟಿಲುಗಳನ್ನು ಮತ್ತೆ ನೆಡಲೇ ಇಲ್ಲ. ಕೊನೆಗೆ ಉಳಿಸಿದ್ದು ಕಸಿ: ಹೇನಿಗೆ ಬಗ್ಗದ ಅಮೆರಿಕದ ಕಾಡುಬೇರಿನ ಮೇಲೆ ಊರಿನ ಬಳ್ಳಿಯ ಕುಡಿ. ಡಾಗ್ರಿಜ್ ಬೇರಿನ ಮೇಲೆ ಕಸಿ ಕಟ್ಟುವ ಸಾಂಗಲಿಯ ರೈತರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಪೋರ್ಟ್ ಮುಪ್ಪಾಗಲು ಎರಡು ಹಾದಿಗಳಿವೆ. ಒಂದು ಗಾಜಿನದು. ಫಲ ಅಸಾಧಾರಣವಾಗಿ ಬಂದ ವರ್ಷ ಮಾತ್ರ ಕಂಪನಿಗಳು 'ವಿಂಟೇಜ್' ಎಂದು ಘೋಷಿಸುತ್ತವೆ. ಅದು ಸಾಮಾನ್ಯವಾಗಿ ದಶಕಕ್ಕೆ ಮೂರು ಸಲ. ಎರಡು ವರ್ಷ ಮರದಲ್ಲಿದ್ದ ರಸವನ್ನು ಸೋಸದೆ ಕಪ್ಪು ಬಾಟಲಿಗೆ ತುಂಬಿ, ಮಲಗಿಸಿ, ಮರೆತುಬಿಡಬೇಕು. 1945, 1963ರ ಬಾಟಲಿಗಳನ್ನು ರಸಿಕರು ಇಂದೂ ತೆರೆಯುತ್ತಾರೆ. ಅಷ್ಟು ಹಳೆಯ ಬಿರಡೆ ತಿರುಪಿನ ಮೊನೆ ತಾಗಿದರೆ ಪುಡಿಯಾಗುವುದುಂಟು. ಆಗ ಇಕ್ಕಳವನ್ನು ಕೆಂಪಗೆ ಕಾಯಿಸಿ ಬಾಟಲಿಯ ಕತ್ತಿಗೆ ಹಿಡಿದು, ತಣ್ಣೀರಿನಲ್ಲದ್ದಿದ ಗರಿಯಿಂದ ಸವರುತ್ತಾರೆ. ಕತ್ತು ಟಣ್ಣನೆ ನೇರವಾಗಿ ಸೀಳುತ್ತದೆ. ತಳದಲ್ಲಿ ದಶಕಗಳಿಂದ ಕೂತ ಗಸಿ ಕದಡದಂತೆ, ಕತ್ತಿನ ಕೆಳಗೆ ದೀಪವಿಟ್ಟು ನೋಡುತ್ತ, ಗಾಜಿನ ಹೂಜಿಗೆ ಬಗ್ಗಿಸುವುದು ಒಂದು ಪೂಜೆಯಷ್ಟೇ ಶ್ರದ್ಧೆಯ ಕೆಲಸ.

ಇನ್ನೊಂದು ಮರದ ಹಾದಿ. ಇಲ್ಲಿ ರಸವು ಪೀಪಾಯಿಯಲ್ಲಿಯೇ ದಶಕಗಟ್ಟಲೆ ಇರುತ್ತದೆ. ಮರದ ರಂಧ್ರಗಳಿಂದ ಗಾಳಿ ಒಳಗೆ ಬರುತ್ತದೆ, ರಸ ಆವಿಯಾಗಿ ಹೊರಗೆ ಹೋಗುತ್ತದೆ. ವರ್ಷಕ್ಕೆ ನೂರಕ್ಕೆ ಸುಮಾರು 2 ಭಾಗ ಹೀಗೆ ಹೋಗುವುದನ್ನು ದೇವದೂತರ ಪಾಲು ಎನ್ನುತ್ತಾರೆ. ತುಂಬಿಕೊಡದಿದ್ದರೆ 40 ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. ಕಡುಗೆಂಪು ಬಣ್ಣ ಇಟ್ಟಿಗೆಯದಾಗಿ, ಜೇನಿನದಾಗಿ, ಅತಿ ಹಳೆಯದರಲ್ಲಿ ಅಂಚಿಗೆ ಹಸಿರು ಛಾಯೆ ಬರುತ್ತದೆ. 'ಟಾನಿ' ಎಂದು ಕರೆಯುವ ಇಂಥ ಬಾಟಲಿಯ ಮೇಲೆ 20 ವರ್ಷ ಎಂದು ಬರೆದಿದ್ದರೆ ಅದು ಒಂದೇ ವರ್ಷದ ರಸವಲ್ಲ. ಹಲವು ವಯಸ್ಸಿನವನ್ನು ನಿಪುಣರು ಬೆರೆಸಿದ್ದು. ಪೋರ್ಟೊದ ಸರಕಾರಿ ಸಂಸ್ಥೆಯಲ್ಲಿ ಸವಿನೋಡುವವರ ಮಂಡಲಿಯೊಂದಿದೆ. ಅವರ ನಾಲಗೆ ಒಪ್ಪಿದರೆ ಮಾತ್ರ ಆ ಅಂಕಿಯನ್ನು ಮುದ್ರಿಸಬಹುದು. ನಾಲಗೆಯ ತೀರ್ಪಿಗೆ ಇಂಥ ಕಾನೂನಿನ ಬಲ ಸಿಗುವುದು ಅಪರೂಪ.

ಗಾಯಾದ ಉಗ್ರಾಣಗಳಲ್ಲಿ ಹಳೆಯ ಪೋರ್ಟ್ ಸವಿಯಲು ಕೂಡುವವರ ಮೇಜಿನಲ್ಲಿ ಗದ್ದಲವಿರುವುದಿಲ್ಲ. ಬಿಳಿಯ ಹಾಸಿನ ಮೇಲೆ ಸಣ್ಣ ಲೋಟಗಳು, ಪ್ರತಿಯೊಂದರಲ್ಲಿಯೂ ಎರಡು ಬೆರಳಷ್ಟು. ಮೊದಲು ಲೋಟವನ್ನು ಓರೆ ಮಾಡಿ ಬಣ್ಣ ನೋಡುತ್ತಾರೆ, ಬಳಿಕ ಮೂಸುತ್ತಾರೆ, ಕೊನೆಗೆ ಒಂದು ಗುಟುಕು. ಹತ್ತಾರು ಬಗೆಯನ್ನು ನೋಡಬೇಕಾದವರು ಬಾಯಲ್ಲಿ ಆಡಿಸಿ ಉಗಿಯುತ್ತಾರೆ. ಕೂನೂರಿನ ಚಹ ಪರೀಕ್ಷಕರು ಸೊರ್ರೆಂದು ಹೀರಿ ಉಗಿಯುವಂತೆಯೇ. ಆಮೇಲೆ ಮಾತು. 20 ವರ್ಷದ ಟಾನಿಯಲ್ಲಿ ಒಬ್ಬರಿಗೆ ಹುರಿದ ಬಾದಾಮಿ, ಇನ್ನೊಬ್ಬರಿಗೆ ಒಣಗಿದ ಜರ್ದಾಳು. 40 ದಾಟಿದ್ದರಲ್ಲಿ ಅಕ್ರೋಟು, ಕಿತ್ತಳೆ ಸಿಪ್ಪೆ, ಹಳೆಯ ಮರದ ಪೆಟ್ಟಿಗೆಯ ವಾಸನೆ. ಎಳೆಯ ವಿಂಟೇಜಿನಲ್ಲಿ ನೇರಳೆಯ ಒಗರು, ಮೆಣಸಿನ ಖಾರ; ಅದೇ ಅರ್ಧ ಶತಮಾನ ಕಳೆದರೆ ಅಂಜೂರ, ಚಹದೆಲೆ, ತಂಬಾಕು. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ಬೆಳೆದವನಿಗೆ ಅಲ್ಲಿ ಕುದಿವ ಬೆಲ್ಲದ ಹದವೇ ಮೂಗಿಗೆ ಬಡಿದೀತು. ಅದನ್ನು ಹೇಳಿದರೆ ಆ ಮೇಜಿನಲ್ಲಿ ಯಾರೂ ತಪ್ಪೆನ್ನಲಾರರು. ಕಂಡದ್ದನ್ನು ಕಾಣದವರಿಗೆ ಮುಟ್ಟಿಸಲು ಪ್ರತಿಯೊಬ್ಬರೂ ತಮ್ಮ ಅಡುಗೆಮನೆಗೆ, ತಮ್ಮ ಬಾಲ್ಯಕ್ಕೆ ಹೋಗಿ ಮಾತು ತರಬೇಕಾಗುತ್ತದೆ. ಚೀಟಿಯಲ್ಲಿ ಅಂಕ ಕೊಟ್ಟು ಮುಗಿಸುವವರೂ ಇದ್ದಾರೆ. ಅದು ಸಪ್ಪೆ ರೂಢಿ.

ಪೋರ್ಟೊದಲ್ಲಿ 18ನೆಯ ಶತಮಾನದ ಕೊನೆಗೆ ಬ್ರಿಟಿಷ್ ವರ್ತಕರು ಕಟ್ಟಿಸಿದ 'ಫ್ಯಾಕ್ಟರಿ ಹೌಸ್' ಎಂಬ ಭವನದಲ್ಲಿ ಬುಧವಾರದ ಊಟದ ಸಂಪ್ರದಾಯವಿದೆ. ಅಲ್ಲಿ ಒಂದರ ಪಕ್ಕದಲ್ಲಿ ಮತ್ತೊಂದು, ಎರಡು ಊಟದ ಕೋಣೆಗಳು. ಮೊದಲನೆಯದರಲ್ಲಿ ಉಂಡು, ಅನ್ನದ ಕಮಟು ತಾಗದ ಎರಡನೆಯದಕ್ಕೆ ಎದ್ದುಹೋಗಿ ಪೋರ್ಟ್ ಸವಿಯುತ್ತಾರೆ. ಯಾವ ವರ್ಷದ್ದು, ಯಾರದ್ದು ಎಂದು ಊಹಿಸುವ ಪಂದ್ಯ ನಡೆಯುತ್ತದೆ. ಹೂಜಿ ಎಡಕ್ಕೇ ಸಾಗಬೇಕು, ನಡುವೆ ನಿಲ್ಲಕೂಡದು. ಯಾರಾದರೂ ಮರೆತು ಮುಂದಿಟ್ಟುಕೊಂಡು ಕೂತರೆ, ನಾರ್ವಿಚ್ಚಿನ ಬಿಷಪ್ಪರ ಪರಿಚಯವಿದೆಯೇ ಎಂದು ಕೇಳುವುದು ಇಂಗ್ಲಿಷರ ಹಳೆಯ ಚಾಲು. ಕೊಡು ಮಾರಾಯ ಎಂಬುದನ್ನು ಇಷ್ಟು ಸುತ್ತುಬಳಸಿ ಹೇಳುವ ಜನ ಬೇರೆ ಇರಲಾರರು.

ವರ್ತಕರ ಕೋಣೆಗಳಿಂದ ದೂರ, ಕಣಿವೆಯ ಹಳ್ಳಿಗಳಲ್ಲಿಯೂ ಹಳೆಯ ಪೀಪಾಯಿಗಳಿವೆ. ಬೆಳೆಗಾರರ ಮನೆಗಳು ಅಜ್ಜಂದಿರು ತುಂಬಿಸಿದ್ದನ್ನು ಮೊಮ್ಮಕ್ಕಳ ಕಾಲಕ್ಕೆಂದು ಕಾಪಾಡಿಕೊಂಡು ಬಂದವು. 1926ರಿಂದ 1986ರ ತನಕ ಗಾಯಾದಿಂದ ಹೊರತು ಪೋರ್ಟನ್ನು ಹೊರದೇಶಕ್ಕೆ ಕಳಿಸುವಂತಿರಲಿಲ್ಲ. ಬೆಳೆದವನ ಹೆಸರು ಬಾಟಲಿಯ ಮೇಲೆ ಬರುವುದೇ ಕಷ್ಟವಾಗಿತ್ತು. 2010ರಲ್ಲಿ ಟೇಲರ್ ಕಂಪನಿ ಇಂಥ ಒಂದು ಮನೆತನದಿಂದ ಕೊಂಡ ಎರಡು ಪೀಪಾಯಿಗಳ ರಸವನ್ನು ಬಾಟಲಿಗೆ ತುಂಬಿ ಮಾರಿತು. ಅದು 1855ರದು, ಬೇರುಹೇನು ಬರುವುದಕ್ಕೆ ಮುಂಚಿನ ಬಳ್ಳಿಗಳದು. ಅದಕ್ಕಿಟ್ಟ ಹೆಸರು 'ಸಯನ್'. ಇಂಗ್ಲಿಷಿನಲ್ಲಿ ಕಸಿಯ ಕುಡಿಗೂ ವಂಶದ ಕುಡಿಗೂ ಅದೇ ಮಾತು, ಕನ್ನಡದಲ್ಲಿರುವಂತೆಯೇ. ಬಾಟಲಿಯೊಂದರ ಬೆಲೆ ಎರಡು ಸಾವಿರ ಪೌಂಡಿಗೂ ಮೇಲೆ. ಸವಿದವರು ಅದರ ಕುರಿತು ಪುಟಗಟ್ಟಲೆ ಬರೆದರು.

ಅದೇ ಕಣಿವೆಯಲ್ಲಿ ಈಗ ಸಣ್ಣ ಬೆಳೆಗಾರರ ಮಾತು ಬೇರೆ. ಎತ್ತರ, ಇಳಿಜಾರು, ಮಣ್ಣು, ಬಳ್ಳಿಯ ವಯಸ್ಸು ಇವನ್ನೆಲ್ಲ ಅಳೆದು ಪ್ರತಿಯೊಂದು ತುಂಡು ನೆಲಕ್ಕೂ ದರ್ಜೆ ಕೊಟ್ಟಿದ್ದಾರೆ. ಆ ವರ್ಷ ಒಟ್ಟು ಎಷ್ಟು ಪೀಪಾ ಪೋರ್ಟ್ ಮಾಡಬಹುದೆಂಬುದನ್ನು ಕೊಯ್ಲಿಗೆ ಮೊದಲು ಪ್ರಕಟಿಸುತ್ತಾರೆ. ದರ್ಜೆಗೆ ತಕ್ಕಂತೆ ಅದರಲ್ಲೊಂದು ಪಾಲು ಪ್ರತಿಯೊಬ್ಬ ಬೆಳೆಗಾರನಿಗೆ. ಪಾಲಿಗೆ ಮೀರಿದ ಹಣ್ಣು ಸಾಧಾರಣ ವೈನಿಗೆ ಅಗ್ಗವಾಗಿ ಹೋಗಬೇಕು. ಪೋರ್ಟಿನ ಮಾರಾಟ ಇಳಿದಂತೆ ಆ ಪಾಲೂ ಇಳಿಯುತ್ತ ಬಂದಿದೆ. ಯಂತ್ರ ಏರದ ಮೆಟ್ಟಿಲುಗಳಲ್ಲಿ ಆಳುಗಳ ಪಗಾರ ಮಾತ್ರ ಏರುತ್ತಿದೆ, ಎಳೆಯರು ಪೋರ್ಟೊಗೆ, ಫ್ರಾನ್ಸಿಗೆ ಹೋಗುತ್ತಿದ್ದಾರೆ. 2001ರಲ್ಲಿ ಯುನೆಸ್ಕೊ ಈ ಮೆಟ್ಟಿಲುಗಳನ್ನು ವಿಶ್ವಪರಂಪರೆಯೆಂದು ಸಾರಿತು. ಕಲ್ಲುಗೋಡೆ ಮಳೆಗೆ ಬಿದ್ದರೆ ಅದನ್ನು ಗಾರೆಯಿಲ್ಲದೆ ಮತ್ತೆ ಎತ್ತಬಲ್ಲ ಕೈಗಳು ಪ್ರತಿ ಹಳ್ಳಿಯಲ್ಲಿಯೂ ಕಡಿಮೆಯಾಗುತ್ತಿವೆ. ಗಾಯಾದ ಉಗ್ರಾಣಗಳಲ್ಲಿ ಮೊನ್ನೆ ಮೊನ್ನೆ ತುಂಬಿದ ಪೀಪಾಯಿಗಳು ಇನ್ನೂ 40 ವರ್ಷ ಕಾಯಬೇಕಾಗಿದೆ.