ಓದುಗರ ಪ್ರಶ್ನೆಗೊಂದು ವಿಳಾಸ

ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದವರು. ಆ ಮಹಾಕಾರ್ಯಕ್ಕೆ ಆಧಾರವಾದುವು ಶಾಸನಗಳು, ಕಾವ್ಯಗಳು, ಗದ್ಯಗ್ರಂಥಗಳು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ‘ಇಗೋ ಕನ್ನಡ’ ಅಂಕಣಕ್ಕಾದರೋ ಓದುಗರ ಪತ್ರಗಳೇ ಆಕರ. ಪದಗಳ ಅರ್ಥ, ವ್ಯುತ್ಪತ್ತಿ, ಸಾಧುತ್ವಗಳನ್ನು ಕುರಿತು ಜನರು ಕೇಳಿದರು. ಜಯನಗರದ ನಿವಾಸಿಯಾಗಿದ್ದ ಈ ವಿದ್ವಾಂಸರು ವರ್ಷಗಟ್ಟಲೆ ಉತ್ತರಿಸಿದರು. ಆ ಪ್ರಶ್ನೋತ್ತರಗಳು ಮುಂದೆ ಗ್ರಂಥರೂಪವನ್ನೂ ತಾಳಿದುವು. ಓದುಗರ ಸಂದೇಹವೂ ನಿಘಂಟುಶಾಸ್ತ್ರದ ಸಾಮಗ್ರಿಯೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಕನ್ನಡದಲ್ಲಿ ದೊರೆಯುವುದು ಕಷ್ಟ.

ಇಂದು ವಿದ್ವಾಂಸರು ತಮ್ಮ ಓದುಗರಿಗಾಗಿ ಒದಗಿಸುವ ಸಂಪರ್ಕ ನಮೂನೆಯಲ್ಲಿ ಸಾಮಾನ್ಯವಾಗಿ ಮೂರು ಖಾನೆಗಳಿರುತ್ತವೆ: ಹೆಸರು, ಇಮೇಲ್, ಸಂದೇಶ. ಉತ್ತರ ಕಳುಹಿಸಲು ಇಷ್ಟು ಸಾಕು, ಉತ್ತರ ಬರೆಯಲು ಸಾಲದು. ‘ಪಡೆ’ ಎಂದರೇನು ಎಂದು ಒಂದೇ ಸಾಲಿನಲ್ಲಿ ಕೇಳಿದರೆ ಸೈನ್ಯವೆನ್ನಬೇಕೆ, ಹೊಂದು ಎನ್ನಬೇಕೆ? ಪದವು ಯಾವ ಊರಿನಲ್ಲಿ ಕೇಳಿದ್ದು, ಯಾವ ಗ್ರಂಥದ ಎಷ್ಟನೆಯ ಪುಟದಲ್ಲಿ ಕಂಡದ್ದು, ಹಿಂದುಮುಂದಿನ ವಾಕ್ಯಗಳೇನು ಎಂಬುದು ತಿಳಿಯದಿದ್ದರೆ ವಿದ್ವಾಂಸರಿಗೆ ಊಹೆಯೇ ಗತಿ. ಆದುದರಿಂದ ‘ಪ್ರಯೋಗಸಂದರ್ಭ’ ಎಂಬ ನಾಲ್ಕನೆಯ ಖಾನೆ ಅವಶ್ಯ. ದೂರವಾಣಿ ಸಂಖ್ಯೆಯನ್ನು ಕೇಳುವ ಖಾನೆ ಮಾತ್ರ ಬೇಡ. ಸಂಕೋಚದ ವಿದ್ಯಾರ್ಥಿಗಳು ಅಲ್ಲಿಂದಲೇ ಹಿಂದಿರುಗುತ್ತಾರೆ.