15 ಚುಕ್ಕಿ, 8ರವರೆಗೆ

ಹರಿಹರದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಈ ವರ್ಷ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿದಳು. ಕ್ಯಾಂಪಸ್ ಸಂದರ್ಶನಗಳಲ್ಲಿ ಕೆಲಸ ಸಿಗಲಿಲ್ಲ. ಸ್ವಂತದ್ದೊಂದು ವೆಬ್‌ಸೈಟ್ ಇದ್ದರೆ ಕಂಪನಿಯವರು ಗಮನಿಸುತ್ತಾರೆಂದು ಸೀನಿಯರ್‌ಗಳು ಹೇಳಿದ್ದರಂತೆ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಪುಟ ಮಾಡಿ, ಕನ್ನಡದ್ದನ್ನು ನೋಡಿಕೊಡು ಎಂದು ನನಗೆ ಕಳಿಸಿದಳು.

ನಾನು ಪಿಎಚ್.ಡಿ. ಮಾಡುತ್ತಿರುವುದು ಮಹಿಳೆಯರ ಆತ್ಮಕಥೆಗಳ ಮೇಲೆ. ಬರೆದದ್ದರ ಜೊತೆಗೆ ಬಿಟ್ಟದ್ದನ್ನೂ ಹುಡುಕುವುದು ಈಗ ಅಭ್ಯಾಸವಾಗಿಬಿಟ್ಟಿದೆ. ಅವಳ ಪುಟದಲ್ಲಿ ಓದು, ಅಂಕ, ಪ್ರಾಜೆಕ್ಟು ಎಲ್ಲ ಇದ್ದವು. ಹಿನ್ನೆಲೆ ಎಂಬಲ್ಲಿ 'ಮಧ್ಯಮ ವರ್ಗದ ಕುಟುಂಬ' ಎಂದಿತ್ತು. ಚಿಕ್ಕಪ್ಪನ ಕಿರಾಣಿ ಅಂಗಡಿಯ ಸುದ್ದಿ ಇರಲಿಲ್ಲ. ಹವ್ಯಾಸದ ಕೆಳಗೆ ಮೂರೇ ಪದ: ಓದು, ಸಂಗೀತ, ಪ್ರವಾಸ. ಪ್ರವಾಸ ಎಂದರೆ ಅವಳು ನೋಡಿರುವುದು ಧರ್ಮಸ್ಥಳ ಮತ್ತು ಕಾಲೇಜಿನವರು ಕರೆದುಕೊಂಡು ಹೋದ ಹಂಪಿ.

ಫೋನ್ ಮಾಡಿ, "ರಂಗೋಲಿ ಎಲ್ಲೇ?" ಎಂದೆ.

"ಅಕ್ಕಾ, ಅದ್ ಹವ್ಯಾಸನಾ? ಮನೆಗೆಲ್ಸ ಅಲ್ವಾ?"

ಅವಳ ಪ್ರಶ್ನೆ ಸುಳ್ಳಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದು ಆ ಮನೆಯಲ್ಲಿ ಹೆಣ್ಣುಮಕ್ಕಳ ಪಾಲಿನ ಕೆಲಸ. ಅವಳ ಅಣ್ಣ ಕ್ರಿಕೆಟ್ ಆಡಿದರೆ ಅದು ಹವ್ಯಾಸ. ಆದರೆ ಎಂಟನೇ ಕ್ಲಾಸಿನಿಂದ ಅವಳ ಹತ್ತಿರ ಒಂದು ಚೌಕುಳಿ ಪುಸ್ತಕವಿದೆ. ಅದರಲ್ಲಿ ನೂರಾರು ಚುಕ್ಕಿ ರಂಗೋಲಿಗಳಿವೆ. ಅಜ್ಜಿಯಿಂದ ಕಲಿತದ್ದು, ಎದುರು ಮನೆಯಿಂದ ನೋಡಿ ಬರೆದುಕೊಂಡದ್ದು, ಪರೀಕ್ಷೆಯ ಹಿಂದಿನ ರಾತ್ರಿ ತಾನೇ ಕಟ್ಟಿದ್ದು. ಪ್ರತಿಯೊಂದರ ಮೇಲೂ ಒಂದು ಸಾಲು: '15 ಚುಕ್ಕಿ, 8ರವರೆಗೆ, ಮಧ್ಯ ಚುಕ್ಕಿ' ಅಥವಾ '15 ಚುಕ್ಕಿ, 1ರವರೆಗೆ, ನೇರ ಚುಕ್ಕಿ'.

ರಂಗೋಲಿ ಬಲ್ಲವರಿಗೆ ಆ ಸಾಲು ಸಾಕು. ಮಧ್ಯ ಚುಕ್ಕಿಯಲ್ಲಿ ಎರಡು ಚುಕ್ಕಿಗಳ ನಡುವಿನ ಜಾಗಕ್ಕೆ ಮುಂದಿನ ಸಾಲಿನ ಚುಕ್ಕಿ ಬರುತ್ತದೆ. ಹಾಗಾಗಿ ಸಾಲಿಗೆ ಒಂದೊಂದೇ ಕಡಿಮೆಯಾಗುತ್ತಾ ಎರಡೂ ಕಡೆ 8ಕ್ಕೆ ನಿಲ್ಲುತ್ತದೆ. ಒಟ್ಟು 169 ಚುಕ್ಕಿ. ನೇರ ಚುಕ್ಕಿಯಲ್ಲಿ ಚುಕ್ಕಿಯ ಎದುರಿಗೇ ಚುಕ್ಕಿ. ಸಾಲಿಗೆ ಎರಡೆರಡು ಕಡಿಮೆಯಾಗಿ 1ಕ್ಕೆ ಮುಗಿಯುತ್ತದೆ. ಒಟ್ಟು 113. ಓದು ಬಾರದ ನಮ್ಮ ಅಜ್ಜಿ ಈ ಒಂದು ಸಾಲನ್ನು ಬಾಯಲ್ಲೇ ದಾಟಿಸುತ್ತಿದ್ದಳು. ಕೇಳಿಸಿಕೊಂಡವರು ತಮ್ಮ ಅಂಗಳದಲ್ಲಿ ಅಷ್ಟನ್ನೂ ಇಡುತ್ತಿದ್ದರು. ಎರಡು ಸಂಖ್ಯೆ, ಒಂದು ನಿಯಮ. ತಂಗಿ ನಾಲ್ಕು ವರ್ಷ ಓದಿದ್ದು ಇದನ್ನೇ ಅಲ್ಲವೇ?

ಇದು ನನ್ನ ಅಭಿಮಾನದ ಮಾತಷ್ಟೇ ಅಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ರಾಣಿ ಸಿರೊಮನಿ ದಂಪತಿ, ಕಮಲಾ ಕೃತಿವಾಸನ್ ಅವರ ಜೊತೆಗೂಡಿ, ತಮಿಳುನಾಡಿನ ಕೋಲಂ ಕುರಿತು 1974ರಲ್ಲೇ ಕಂಪ್ಯೂಟರ್ ವಿಜ್ಞಾನದ ಲೇಖನ ಬರೆದಿದ್ದರು. ಭಾಷೆಗೆ ವ್ಯಾಕರಣವಿರುವಂತೆ ಕೋಲಂಗೂ ವ್ಯಾಕರಣ ಬರೆಯಬಹುದು ಎಂದು ತೋರಿಸಿದ ಲೇಖನ ಅದು. ಬಾಗಿಲ ಮುಂದಿನ ಮನೆಗೆಲಸ ಕಂಪ್ಯೂಟರ್ ವಿಜ್ಞಾನದ ಪತ್ರಿಕೆಗೆ ಹೋಗಿ ಸುಮಾರು 50 ವರ್ಷವಾಯಿತು. ನಮ್ಮ ಹುಡುಗಿಗೆ ಕಾಲೇಜಿನಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ವೈಯಕ್ತಿಕ ವೆಬ್‌ಸೈಟ್ ಕೂಡ ಹುಟ್ಟಿದ್ದು ಕೆಲಸ ಕೇಳುವುದಕ್ಕಲ್ಲ. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಜನ ತಮ್ಮ ಬೆಕ್ಕು, ತಮ್ಮ ಊರು, ತಮಗೆ ಮೆಚ್ಚಿನ ಹಾಡುಗಾರರ ಬಗ್ಗೆ ಪುಟ ಕಟ್ಟುತ್ತಿದ್ದರು. ಕಣ್ಣು ಕುಕ್ಕುವ ಬಣ್ಣ, ಮಿಣುಕುವ ಅಕ್ಷರ. 1999ರಲ್ಲಿ ಯಾಹೂ ಅದನ್ನು ಕೊಂಡು, 2009ರಲ್ಲಿ ಅಮೆರಿಕದಲ್ಲಿ ಮುಚ್ಚಿತು. ಈಗ ಹೊಸದಾಗಿ ಓದು ಮುಗಿಸಿದವರ ಪುಟಗಳು ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣುತ್ತವೆ. ಅವರನ್ನು ದೂರುವುದು ಸುಲಭ. ಕೆಲಸವಿಲ್ಲದ ಮನೆಯಲ್ಲಿ, ಶಿಕ್ಷಣ ಸಾಲದ ಕಂತು ಎದುರಿಗಿರುವಾಗ, ಎಲ್ಲರಂತೆ ಕಾಣುವುದೇ ಕ್ಷೇಮ ಎನಿಸುವುದು ಸಹಜ.

ಆದ್ದರಿಂದ ನಾನು ಒತ್ತಾಯ ಮಾಡಲಿಲ್ಲ. ಸಿರೊಮನಿಯವರ ಲೇಖನವನ್ನು ಮಾತ್ರ ಕಳಿಸಿದೆ. ಮೂರು ವಾರ ಸುದ್ದಿಯಿಲ್ಲ. ಆಮೇಲೆ ಒಂದು ಲಿಂಕ್ ಬಂತು. ಅದರಲ್ಲಿ ಎರಡು ಖಾಲಿ ಚೌಕಗಳಿದ್ದವು. 15 ಮತ್ತು 8 ಎಂದು ತುಂಬಿ, ಮಧ್ಯ ಚುಕ್ಕಿ ಎಂಬುದನ್ನು ಒತ್ತಿದರೆ ಕಪ್ಪು ಪರದೆಯ ಮೇಲೆ 169 ಬಿಳಿ ಚುಕ್ಕಿಗಳು ಸಾಲುಸಾಲಾಗಿ ಮೂಡಿದವು. ಹಿನ್ನೆಲೆಯಲ್ಲಿ ಕಿರಾಣಿ ಅಂಗಡಿ ಬಂದಿತ್ತು. ಹವ್ಯಾಸದಲ್ಲಿ ಪ್ರವಾಸ ಹೋಗಿತ್ತು.

ದೀಪಾವಳಿಗೆ ಹರಿಹರಕ್ಕೆ ಹೋದಾಗ ಅದನ್ನು ಚಿಕ್ಕಮ್ಮನಿಗೆ ತೋರಿಸಿದೆವು. ಅವಳು ಕೈ ಒರೆಸಿಕೊಂಡು ಬಂದು, ಚುಕ್ಕಿಗಳನ್ನು ಬೆರಳಲ್ಲಿ ಎಣಿಸಿ, ಸರಿಯಿದೆ ಎಂದಳು. ಆಮೇಲೆ ಮಗಳ ಮುಖ ನೋಡಿದಳು.

"ಚುಕ್ಕಿ ಯಾರ್ ಬೇಕಾದ್ರೂ ಇಡ್ತಾರೆ. ಎಳೆ ಎಲ್ಲೇ?"

ತಂಗಿ ಈಗ ಎಳೆಯ ಹಿಂದೆ ಬಿದ್ದಿದ್ದಾಳೆ. ಯಾವ ಚುಕ್ಕಿಯನ್ನು ಬಳಸಿ ಹೋಗಬೇಕು, ಯಾವುದಕ್ಕೆ ಸೇರಿಸಬೇಕು ಎಂಬುದು ಎರಡು ಸಂಖ್ಯೆಗಳಲ್ಲಿ ಮುಗಿಯುವ ಮಾತಲ್ಲ. ಕೆಲಸ ಇನ್ನೂ ಸಿಕ್ಕಿಲ್ಲ. ಕಳೆದ ವಾರದ ಸಂದರ್ಶನದಲ್ಲಿ ಒಬ್ಬರು ಆ ಪುಟ ತೆರೆದು, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರಂತೆ. "ಮನೇಲಿ" ಅಂದಳಂತೆ.